ಬನ್ನಿ ಎಲಿಯ ಬಂಗಾರ, ಅಂಗಡಿಯ ಬಂಗಾರ

ದಸರಾ ಹತ್ರ ಬಂತಂದ್ರ ನಮ್ಮ ಕಡೆ ಎರಡು ನಮೂನಿ ಬಂಗಾರದ ಸುದ್ದಿ ಶುರು ಆಗತದ. ಒಂದು, ಪೇಪರಿನ ಮೊದಲನೇ ಪುಟ ತುಂಬಿ ಬರೋ ಅಂಗಡಿ ಬಂಗಾರ. ಗ್ರಾಂಗೆ ಇಷ್ಟು ಕಡಿಮಿ, ಕೂಲಿ ಅರ್ಧ, ಹಳೇದು ಕೊಟ್ಟು ಹೊಸಾದು ಒಯ್ಯಿರಿ ಅಂತ. ಇನ್ನೊಂದು, ಊರ ಹೊರಗ ಹೊಲದ ಬದುವಿನ ಮ್ಯಾಲ ಮುಳ್ಳು ಹೊತ್ತು ನಿಂತ ಬನ್ನಿ ಗಿಡದ ಬಂಗಾರ. ಅದಕ್ಕ ಜಾಹೀರಾತಿಲ್ಲ, ರೇಟಿಲ್ಲ, ಕಂತಿಲ್ಲ. ಈ ಎರಡೂ ಬಂಗಾರದ ಚರಿತ್ರಿ ಒಂದು ಕಡೆ ಕೂಡಿಸಿ ಬರೀಬೇಕಂತ ಭಾಳ ದಿನದಿಂದ ಅನಕೋತಿದ್ದೆ. ಯಾಕಂದ್ರ, ಹಬ್ಬಕ್ಕ ಬಂಗಾರ ಖರೀದಿ ಮಾಡೋದು ಅಜ್ಜ-ಮುತ್ತಜ್ಜನ ಕಾಲದ ಪದ್ಧತಿ ಅಂತ ಈಗ ಎಲ್ಲಾರೂ ನಂಬಿಬಿಟ್ಟಾರ. ಖರೇ ನೋಡಿದ್ರ ನಮ್ಮ ಕಡೆ ಆ ಪದ್ಧತಿ ವಯಸ್ಸು ನನ್ನ ಮದುವಿ ಸೀರಿಗಿಂತ ಹೆಚ್ಚಿಲ್ಲ.

ಮೊದಲು ಬನ್ನಿ ಸುದ್ದಿ. ವಿಜಯದಶಮಿ ದಿನ ಸಂಜೀ ಮುಂದ ಊರ ಮಂದಿ ಸೀಮಿ ಕಡೆ ಹೋಗಿ ಬನ್ನಿ ಗಿಡಕ್ಕ ಪೂಜಾ ಮಾಡತಾರ, ಎಲಿ ತೊಗೊಂಡು ಬರತಾರ. ದೇವರಿಗೆ ಏರಿಸಿ, ಮನಿಯ ಹಿರ್ಯಾರಿಗೆ ಕೊಟ್ಟು ಕಾಲಿಗೆ ಬೀಳತಾರ. ಆಮ್ಯಾಲ ಓಣಿಯೊಳಗ ಮನಿಮನಿಗೆ ಹೊಂಡೋದು. ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ’ ಅಂತ ಒಬ್ಬರ ಕೈಯಾಗ ಒಬ್ಬರು ನಾಕು ಎಲಿ ಇಡೋದು. ಮಾತು ಬಿಟ್ಟವರೂ ಅವತ್ತು ಬಾಗಲಿಗೆ ಬಂದು ಎಲಿ ಕೊಟ್ರ ಒಲ್ಲೆ ಅನ್ನೋಹಂಗಿಲ್ಲ. ಹೊಲದ ಬದು, ಗೋಡಿ, ನೀರಿನ ಸಲುವಾಗಿ ವರ್ಷಾನುಗಟ್ಟಲೆ ಮುಖ ತಿರುವಿದ ಅಣ್ಣತಮ್ಮಂದಿರು ಇದೊಂದು ದಿನ ನಾಕು ಎಲಿ ನೆಪಾ ಮಾಡಿ ಒಳಗ ಬಂದು ಚಹಾ ಕುಡದು ಹೋದದ್ದನ್ನ ನಾವೆಲ್ಲಾ ನೋಡೇವಿ. ಮಹಾರಾಷ್ಟ್ರದಾಗ ಇದೇ ದಿನ ಆಪ್ಟಾ ಗಿಡದ ಜೋಡಿ ಎಲಿನ ‘ಸೋನಂ’ ಅಂತ ಕೊಡತಾರ. ಗಿಡ ಬ್ಯಾರೆ, ಮಾತು ಒಂದ.

ಈ ಎಲಿ ಬಂಗಾರ ಯಾಕ ಆತು? ಅದಕ್ಕ ಎರಡು ಕಥಿ ಅವ. ಒಂದು ಎಲ್ಲಾರಿಗೂ ಗೊತ್ತಿದ್ದದ್ದ: ಪಾಂಡವರು ಅಜ್ಞಾತವಾಸಕ್ಕ ಹೋಗೋ ಮುಂದ ಆಯುಧಗಳನ್ನ ಶಮಿ ಗಿಡದ ಮ್ಯಾಲ ಮುಚ್ಚಿಟ್ಟು ವಿರಾಟನ ಊರಿಗೆ ಹೋದ್ರು, ತಿರುಗಿ ಬಂದು ತೊಗೊಂಡ್ರು. ಇನ್ನೊಂದು ರಘು ಮಹಾರಾಜನ ಕಥಿ. ಕಾಳಿದಾಸನ ‘ರಘುವಂಶ’ದ ಐದನೇ ಸರ್ಗದಾಗ ಬರತದ. ವರತಂತು ಅನ್ನೋ ಋಷಿಯ ಶಿಷ್ಯ ಕೌತ್ಸ. ಓದು ಮುಗೀತು, ಗುರುದಕ್ಷಿಣಿ ಏನು ಕೊಡಲಿ ಅಂತ ಕೇಳಿದ. ನಿನ್ನ ಸೇವಾನ ಸಾಕಪ್ಪಾ ಅಂದ್ರು ಗುರುಗಳು. ಇಂವಾ ಬಿಡಲಿಲ್ಲ, ಹಟ ಹಿಡದ. ಗುರುಗಳಿಗೆ ಸಿಟ್ಟು ಬಂತು: ಹದಿನಾಲ್ಕು ವಿದ್ಯಾ ಕಲಿಸೇನಿ, ಹಂಗಾದ್ರ ಹದಿನಾಲ್ಕು ಕೋಟಿ ತೊಗೊಂಡು ಬಾ ಅಂದ್ರು. ಕೌತ್ಸ ರಘುವಿನ ಹತ್ರ ಬಂದ. ರಘು ಆಗಷ್ಟ ವಿಶ್ವಜಿತ್ ಯಾಗ ಮಾಡಿ ಇದ್ದದ್ದೆಲ್ಲಾ ದಾನಾ ಕೊಟ್ಟುಬಿಟ್ಟಿದ್ದ. ಬಂದ ಅತಿಥಿಗೆ ಮಣ್ಣಿನ ಪಾತ್ರಿಯೊಳಗ ನೀರು ಕೊಡೋ ಪರಿಸ್ಥಿತಿ. ಅದನ್ನ ನೋಡೇ ಕೌತ್ಸ ಬರತೇನಿ ಅಂತ ಎದ್ದ. ರಘು ಬಿಡಲಿಲ್ಲ. ಕುಬೇರನ ಮ್ಯಾಲ ದಂಡೆತ್ತಿ ಹೋಗಿ ತರತೇನಿ ಅಂತ ರಾತ್ರಿ ರಥದೊಳಗ ಮಲಗಿದ. ಬೆಳಗಾಗೋದರಾಗ ಬೊಕ್ಕಸದ ತುಂಬ ಬಂಗಾರದ ಮಳಿ ಆಗಿತ್ತು. ಜನರ ಬಾಯಾಗ ಈ ಮಳಿ ಶಮಿ ಗಿಡದ ಮ್ಯಾಲ ಬಿತ್ತು ಅಂತ ಆಗೇದ, ಅದಕ್ಕ ಬನ್ನಿ ಎಲಿ ಅಂದ್ರ ಬಂಗಾರ.

ನನಗ ಇದರಾಗ ಭಾಳ ಹಿಡಿಸೋದು ಮುಂದಿನ ಭಾಗ. ಅಷ್ಟೂ ನಿಂದ, ಒಯ್ಯಿ ಅಂತ ರಘು ಹೇಳತಾನ. ಕೌತ್ಸ, ನಮ್ಮ ಗುರುಗಳಿಗೆ ಕೊಡಬೇಕಾದದ್ದು ಹದಿನಾಲ್ಕು ಕೋಟಿ, ಅದರ ಮ್ಯಾಲ ಒಂದೂ ಬ್ಯಾಡ ಅಂತಾನ. ಕೇಳಿದ್ದಕ್ಕಿಂತ ಹೆಚ್ಚು ಕೊಡೋ ರಾಜ, ಬೇಕಾದ್ದಕ್ಕಿಂತ ಹೆಚ್ಚು ಮುಟ್ಟದ ಬೇಡವ. ಇಬ್ಬರನ್ನೂ ಊರ ಮಂದಿ ಹೊಗಳಿದ್ರು ಅಂತ ಕಾಳಿದಾಸ ಹೇಳತಾನ. ಉಳಿದ ಬಂಗಾರಾನ ಊರಿಗೆ ಹಂಚಿದ್ರು ಅನ್ನೋದು ಜನರ ಕಥಿ. ಅಂದ್ರ ನಮ್ಮ ದಸರಾ ಬಂಗಾರದ ಮೂಲದಾಗ ಇರೋದು ಕೊಂಡವರಲ್ಲ. ಕೊಟ್ಟವರು, ಸಾಕು ಅಂದವರು, ಹಂಚಿದವರು.

ಹಂಗಂತ ದಸರಾದಾಗ ಖರೇ ಬಂಗಾರ ಎಂದೂ ಮೆರೀಲೇ ಇಲ್ಲ ಅಂತಲ್ಲ. ಮೆರೀತು, ಆದ್ರ ಅರಮನಿಯೊಳಗ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ತುಗೀಸ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮಹಾನವಮಿ ನೋಡಿ ಬರದಿಟ್ಟಾನ. ಬಂಗಾರದ ಪಾತ್ರಿ ಹಿಡಕೊಂಡು ಬರೋ ಅರಮನಿ ಹೆಣ್ಮಕ್ಕಳ ಮೈಮ್ಯಾಲ ಎಷ್ಟು ವಜ್ಜೆ ಆಭರಣ ಇದ್ದುವಂದ್ರ, ಅವರ ತೋಳಿಗೆ ಆಸರಾ ಕೊಡಲಿಕ್ಕೆ ಬ್ಯಾರೆ ಹೆಂಗಸರು ಜೋಡಿ ನಡೀಬೇಕಾಗಿತ್ತು ಅಂತ. ಆಮ್ಯಾಲ ಬಂದ ನುನಿಜ್ ಇನ್ನೊಂದು ಮಾತು ಹೇಳತಾನ: ಆ ಒಂಬತ್ತು ದಿನದ ಹಬ್ಬದಾಗ ನಾಯಕರು ರಾಜನಿಗೆ ಕೊಡಬೇಕಾದ ಕಂದಾಯ ತಂದು ಒಪ್ಪಿಸತಿದ್ರು. ಅಂದ್ರ ಅರಮನಿ ಬಂಗಾರ ಮೆರೀಲಿಕ್ಕೆ ಹಳ್ಳಿಯ ಜ್ವಾಳ, ಹತ್ತಿ, ಎಳ್ಳು ಮಾರಿ ಬಂದ ರೊಕ್ಕ ಹೋಗಿರತಿತ್ತು. ರಾಜಂದು ಬಂಗಾರದ ಬಂಗಾರ, ಒಕ್ಕಲಿಗಂದು ಎಲಿ ಬಂಗಾರ. ನಮ್ಮ ಮಂದಿ ಎಲಿನ ಬಂಗಾರ ಅಂದದ್ದು ಬರೇ ಆಟ ಅಲ್ಲ ಅಂತ ನನಗ ಅನ್ನಿಸೋದು ಇಲ್ಲೆ. ಮನಿಯೊಳಗ ಗುಂಜಿ ಬಂಗಾರ ಇಲ್ಲದಾಂವನೂ ಅವತ್ತು ಗೌಡರ ಕೈಯಾಗ ಬಂಗಾರ ಇಟ್ಟು ಬರತಿದ್ದ, ಗೌಡರೂ ಅದನ್ನ ಎರಡೂ ಕೈಲೆ ಇಸಕೋಬೇಕಾಗತಿತ್ತು.

ಹಳೇ ಹಳ್ಳಿಯೊಳಗ ಹಬ್ಬದ ಸಾಮಾನು ಬರೋ ದಾರೀನೂ ಬ್ಯಾರೆ ಇತ್ತು. ಆಯದ ಪದ್ಧತಿ ಅಂತ ಇತ್ತಲ್ರಿ. ಕುಂಬಾರ, ಬಡಿಗೇರ, ಕಮ್ಮಾರ, ಅಗಸರು ವರ್ಷಪೂರ್ತಿ ಊರ ಕೆಲಸಾ ಮಾಡೋದು, ಸುಗ್ಗಿ ಮುಂದ ರೈತ ಕಣದಾಗ ಕಾಳು ಅಳದು ಕೊಡೋದು. ದೀಪಾವಳಿ ಪಣತಿ, ಹಂಡೆಕ್ಕ ಬೇಕಾದ ಕೊಡ, ಮಗಿ ಕುಂಬಾರರ ಮನಿಯಿಂದ ಹಂಗ ಬರತಿದ್ದುವು. ಪ್ಯಾಟಿಯಿಂದ ತರೋದು ಬೆಲ್ಲ, ಒಂದಿಷ್ಟು ಅರಿವಿ, ಕುಂಕುಮ, ಕರ್ಪೂರ ಅಷ್ಟ. ಆಯದ ಪದ್ಧತಿಯೊಳಗ ಜಾತಿಯ ಹೆಚ್ಚು-ಕಡಿಮಿ, ಅಂಗಳದ ಹೊರಗ ನಿಲ್ಲಿಸೋದು ಎಲ್ಲಾ ಇತ್ತು. ಆ ಕಾಲ ಚಲೋ ಇತ್ತು, ಮರಳಿ ಬರಲಿ ಅಂತ ನಾ ಹೇಳಂಗಿಲ್ಲ. ಹೇಳೋದು ಇಷ್ಟ: ಹಬ್ಬ ಅಂದ್ರ ಮನಿಯೊಳಗ ಮಾಡೋದು, ಇದ್ದದ್ದನ್ನ ತಿಕ್ಕಿ ತೊಳದು ಹೊಳಸೋದು, ಮಾಡಿದ್ದನ್ನ ಹಂಚೋದು ಅಂತ ಇತ್ತು. ಹೊಸಾದು ತರೋದು ಹಬ್ಬದ ಅರ್ಥ ಆಗಿರಲಿಲ್ಲ.

ಇನ್ನ ಮನಿ ಬಂಗಾರ. ಹೆಣ್ಮಕ್ಕಳಿಗೆ ಹೊಲದಾಗ ಪಾಲಿಲ್ಲ, ಬ್ಯಾಂಕಿನಾಗ ಖಾತೆ ಇಲ್ಲ ಅನ್ನೋ ಕಾಲದಾಗ ಕೊರಳಾಗ, ಕೈಯಾಗ ಇದ್ದ ತೊಲಿ ಎರಡು ತೊಲಿ ಬಂಗಾರ ಅಕಿಯ ಸ್ವಂತದ ಆಸ್ತಿ. ತೊಲಿ ಅಂದ್ರ ಸುಮಾರು 11.66 ಗ್ರಾಂ. ಬರಗಾಲ ಬಿದ್ರ, ಗಂಡ ಹಾಸಿಗಿ ಹಿಡದ್ರ, ಮಗನ ಫೀ ಕಟ್ಟೋದಿದ್ರ ಅದು ಹೊರಗ ಬರತಿತ್ತು. ಒಮ್ಮೆ ಮಾಡಿಸಿದ್ದನ್ನ ಅಳಿಸಿ ಮಗಳಿಗೆ, ಮಗಳದ್ದು ಮತ್ತ ಮೊಮ್ಮಗಳಿಗೆ. ಹಳೇ ಬಂಗಾರಾನ ಪತ್ತಾರರು ಕಣ್ಣೆದುರಿಗೆ ಕುಂತು ಕರಗಿಸಿ ಹೊಸ ಸಾಮಾನು ಮಾಡಿಕೊಡತಿದ್ರು. ನಮ್ಮಜ್ಜಿ ಪತ್ತಾರರ ಮನಿಗೆ ಹೋದ್ರ ಕುಲಮಿ ಮುಂದ ಮಧ್ಯಾಹ್ನ ಪೂರ್ತಿ ಕೂಡತಿದ್ರಂತ, ಬೂದಿಯೊಳಗ ಕಣಾನೂ ಉಳೀಬಾರದಂತ. ಅವರಿಗೆ ಬಂಗಾರ ಅಂದ್ರ ಕಷ್ಟಕ್ಕ ಆಗೋ ಗೆಳತಿ. ಅದನ್ನ ಮಾಡಿಸಲಿಕ್ಕೆ ಮದುವಿ, ಬಾಣಂತನದಂಥ ಕಾರಣ ಇರತಿದ್ದುವು, ಇಲ್ಲಾ ಒಂದು ಚಲೋ ಬೆಳಿ ಬರಬೇಕಾಗತಿತ್ತು. ಕ್ಯಾಲೆಂಡರಿನ ಒಂದು ಚೌಕಾ ನೋಡಿ ಯಾರೂ ಓಡತಿರಲಿಲ್ಲ.

ಬಂಗಾರ ಬ್ಯಾಡ ಅಂದ ಹೆಣ್ಮಕ್ಕಳೂ ಚರಿತ್ರಿಯೊಳಗ ಇದ್ದಾರ. 1934ರ ಜನವರಿಯಾಗ ಗಾಂಧೀಜಿ ಹರಿಜನ ನಿಧಿ ಸಲುವಾಗಿ ತಿರುಗಾಡತಿದ್ದಾಗ ಕೇರಳದ ವಡಕರದೊಳಗ ಕೌಮುದಿ ಅನ್ನೋ 16 ವರ್ಷದ ಹುಡುಗಿ ಸಭಾದಾಗ ಎದ್ದು ಬಂದು ಬಳಿ, ಸರ, ಕಿವಿಯಾಗಿಂದು ಎಲ್ಲಾ ಬಿಚ್ಚಿ ಕೊಟ್ಟಳು. ಮನಿಯವರ ಒಪ್ಪಿಗಿ ಅದ ಏನು, ಇದರ ಬದಲಿ ಮತ್ತ ಹೊಸಾದು ಮಾಡಿಸಿಕೊಳ್ಳಂಗಿಲ್ಲ ಏನು ಅಂತ ಗಾಂಧೀಜಿ ಕೇಳಿದ್ರು. ಅಕಿ ಮಾತು ಕೊಟ್ಟಳು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕಾದಾಗ ಅಕಿ ಬಗ್ಗೆ ಬರದ್ರು. ಆ ಎರಡನೇ ಪ್ರಶ್ನಿ ನೋಡ್ರಿ. ಕೊಡೋದು ಒಂದು ದಿನದ ಉಮೇದಿ. ಮತ್ತ ಕೊಳ್ಳಂಗಿಲ್ಲ ಅನ್ನೋದು ದಿನಾಲೂ ನಡಸಬೇಕಾದ ಸಂಸಾರ. ಅದಕ್ಕ ಮುದುಕ ಅದನ್ನ ಕೇಳಿದ್ರು.

ಸರಕಾರಾನೂ ಒಮ್ಮೆ ಬಂಗಾರ ಬ್ಯಾಡ ಅಂತು. 1962ರ ಚೀನಾ ಯುದ್ಧ ಆದಾಗ ದೇಶದ ತುಂಬ ಹೆಣ್ಮಕ್ಕಳು ರಕ್ಷಣಾ ನಿಧಿಗೆ ಬಳಿ, ಸರ ಬಿಚ್ಚಿ ಕೊಟ್ರು. ಸರಕಾರ ಬಂಗಾರದ ಬಾಂಡ್ ತಂತು. 1963ರ ಜನವರಿಯಾಗ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ ಇದ್ದಾಗ, ಬಂಗಾರ ನಿಯಂತ್ರಣ ನಿಯಮ ಬಂತು. ಹೊಸ ಆಭರಣ 14 ಕ್ಯಾರೆಟ್ಟಿಗಿಂತ ಹೆಚ್ಚಿನ ಬಂಗಾರದಾಗ ಮಾಡೋಹಂಗಿಲ್ಲ ಅಂತ. 24ರಾಗ 14 ಪಾಲು ಬಂಗಾರ, ಉಳಿದದ್ದು ತಾಮ್ರ-ಬೆಳ್ಳಿ. ಬಂಗಾರದ ಮೋಹಾ ತಾನ ಇಳೀತದ ಅಂತ ಲೆಕ್ಕ ಹಾಕಿದ್ರು. ಮೋಹಾ ಇಳೀಲಿಲ್ಲ, ಕಳ್ಳಸಾಗಣಿ ಏರಿತು. ಪೆಟ್ಟು ಬಿದ್ದದ್ದು ಪತ್ತಾರರಿಗೆ. ದೇಶದ ತುಂಬ ಲಕ್ಷಗಟ್ಟಲೆ ಅಕ್ಕಸಾಲಿಗರ ಕುಲಮಿ ಆರಿದುವು. ನಮ್ಮಜ್ಜಿ ಹೋಗತಿದ್ದ ಮನಿಯ ಪತ್ತಾರರೂ ಅದೇ ಹೊತ್ತಿನ್ಯಾಗ ಕೆಲಸಾ ಬಿಟ್ಟು ಕಿರಾಣಿ ಅಂಗಡಿಯೊಳಗ ಲೆಕ್ಕ ಬರೀಲಿಕ್ಕೆ ನಿಂತ್ರಂತ. 14 ಕ್ಯಾರೆಟ್ ನಿಯಮ 1966ರಾಗ ಹೋತು, ಆದ್ರ 1968ರ ಬಂಗಾರ ನಿಯಂತ್ರಣ ಕಾಯ್ದೆ ಬಂದು ಗಟ್ಟಿ ಬಂಗಾರ, ನಾಣ್ಯ ಮನ್ಯಾಗ ಇಟಗೊಳ್ಳೋದಕ್ಕ ನಿರ್ಬಂಧ ಹಾಕಿತು. ಮ್ಯಾಲಿಂದ ಹುಕುಂ ಮಾಡಿದ ಸರಳತನ ಬಡವರ ಕೆಲಸಾ ತೊಗೊಂಡು ಹೋಗತದ, ದೊಡ್ಡವರ ಪೆಟಿಗಿ ಮುಟ್ಟಂಗಿಲ್ಲ ಅನ್ನೋದಕ್ಕ ಇದಕ್ಕಿಂತ ಬ್ಯಾರೆ ಉದಾಹರಣಿ ಬ್ಯಾಡ. ಅದಕ್ಕ ನಾ ಈ ಬರವಣಗಿಯೊಳಗ ಕಾಯ್ದೆ ಬೇಕು ಅಂತ ಎಲ್ಲೂ ಕೇಳಂಗಿಲ್ಲ.

ಈಗ ಬರ್ರಿ 1990ಕ್ಕ. ವಿ.ಪಿ. ಸಿಂಗ್ ಸರಕಾರದಾಗ ಮಧು ದಂಡವತೆ ಹಣಕಾಸು ಮಂತ್ರಿ ಇದ್ದಾಗ ಆ ಕಾಯ್ದೆ ರದ್ದಾತು. ಮುಂದಿನ ವರ್ಷ, 1991ರಾಗ, ವಿದೇಶಿ ಹಣ ಖಾಲಿ ಆಗಿ ದೇಶ ಸುಮಾರು 47 ಟನ್ ಬಂಗಾರಾನ ಇಂಗ್ಲೆಂಡಿಗೆ ಒತ್ತಿ ಇಡಬೇಕಾತು. ನಮ್ಮ ಅಜ್ಜಿಯರು ಬರಗಾಲದಾಗ ಮಾಡತಿದ್ದದ್ದನ್ನ ದೇಶಾನ ಮಾಡಿತು ಅನ್ನರಿ. 1992ರಿಂದ ಹೊರದೇಶದಿಂದ ಬರೋ ನಮ್ಮ ಮಂದಿ ಬಂಗಾರ ತರಲಿಕ್ಕೆ ಪರವಾನಗಿ ಸಿಕ್ತು, 1997ರಿಂದ ಬ್ಯಾಂಕುಗಳೇ ತರಿಸಿ ಮಾರೋ ಹಂಗಾತು. ಬಂಗಾರ ಈಗ ಕದ್ದು ತರೋ ಮಾಲಲ್ಲ, ಕಪಾಟಿನ್ಯಾಗ ದೀಪಾ ಹಚ್ಚಿ ಇಡೋ ಮಾಲು. ಪತ್ತಾರರ ಕುಲಮಿ ಜಾಗಾದಾಗ ಎಸಿ ಹಾಕಿದ ದೊಡ್ಡ ಶೋರೂಂ ಬಂದುವು. ಅಷ್ಟು ದೊಡ್ಡ ಅಂಗಡಿಗೆ ಮದುವಿ ಹಂಗಾಮಿನ ಗಿರಾಕಿ ಅಷ್ಟ ಸಾಲಂಗಿಲ್ಲ. ವರ್ಷದಾಗ ನಾಕು ಸಲಾ ಎಲ್ಲಾರೂ ಒಮ್ಮೆಲೆ ಒಳಗ ಬರಬೇಕು. ಅದಕ್ಕ ದಿನಾ ಬೇಕು. ದಿನಾ ನಮ್ಮ ಪಂಚಾಂಗದಾಗ ಸಿಕ್ಕುವು.

ಯುಗಾದಿ, ಅಕ್ಷಯ ತದಿಗಿ, ವಿಜಯದಶಮಿ ಮೂರು ಪೂರ್ತಿ, ಬಲಿಪಾಡ್ಯ ಅರ್ಧ. ಇವಕ್ಕ ಮೂರೂವರಿ ಮುಹೂರ್ತ ಅಂತ ಹೆಸರು. ಜೋಯಿಸರನ್ನ ಕೇಳದನ ಹೊಸ ಕೆಲಸಾ ಸುರು ಮಾಡಬಹುದಾದ ದಿನಾ. ಕೂಸಿಗೆ ಅಕ್ಷರ ತಿದ್ದಿಸೋದು, ಮನಿ ಪಾಯಾ ಹಾಕೋದು, ಬಿತ್ತಿಗಿ ಸಾಮಾನು ಹೊರಗ ತಗಿಯೋದು. ‘ಸುರು ಮಾಡೋ’ ದಿನಾ ‘ಕೊಳ್ಳೋ’ ದಿನಾ ಆದದ್ದು ಜಾಹೀರಾತಿನ ಕೆಲಸಾ.

ಇವುಗಳಾಗ ಅಕ್ಷಯ ತದಿಗಿ ಪೂರ್ತಿ ಉಲ್ಟಾ ಆಗಿಹೋತು. ವೈಶಾಖದ ಉರಿಬಿಸಲಿನ್ಯಾಗ ಬರೋ ಹಬ್ಬ ಅದು. ಅವತ್ತಿನ ಧರ್ಮ ಅಂದ್ರ ದಾನ: ನೀರು ತುಂಬಿದ ಕೊಡ, ಬೀಸಣಿಗಿ, ಛತ್ರಿ, ಮಜ್ಜಿಗಿ, ಪಾನಕ, ಮಾವಿನಹಣ್ಣು. ದಾರಿಹೋಕರಿಗೆ ಅರವಟ್ಟಿಗಿ ಇಡೋ ದಿನಾ. ನಮ್ಮ ಮನ್ಯಾಗ ಆ ದಿನಾ ದೇವರಿಗೆ ಸೀಕರಣಿ ತೋರಿಸೋತನಕ ಯಾರೂ ಮಾವಿನಹಣ್ಣಿಗೆ ಬಾಯಿ ಹಚ್ಚತಿರಲಿಲ್ಲ. ಅವತ್ತು ಕೊಟ್ಟದ್ದು ಅಕ್ಷಯ ಆಗತದ ಅಂತ ನಂಬಿಕಿ. ಈಗ ಅವತ್ತು ಕೊಂಡದ್ದು ಅಕ್ಷಯ ಆಗತದ ಅಂತ ಹೇಳತಾರ. ಒಂದ ಕ್ರಿಯಾಪದ ಬದಲಾತು, ಹಬ್ಬಾನ ಬದಲಾತು. ಗಣಿ ಕಂಪನಿಗಳು 1987ರಾಗ ಕಟ್ಟಿಕೊಂಡ ವರ್ಲ್ಡ್ ಗೋಲ್ಡ್ ಕೌನ್ಸಿಲ್, ಜೋಡೀಗೆ ನಮ್ಮ ದಕ್ಷಿಣದ ಆಭರಣದ ಅಂಗಡಿಗಳು, 2000ದ ಆಜುಬಾಜು ಈ ತಿಥೀನ ಹಿಡದು ಟಿವಿ, ಪೇಪರಿನ್ಯಾಗ ಎಬ್ಬಿಸಿದ ಗದ್ದಲದ ಫಲ ಇದು. ಈ ದಿನಕ್ಕ ಜೋಡಿಸಿ ಹೇಳೋ ಅಕ್ಷಯಪಾತ್ರೆ ಕಥೀನೂ ನೋಡ್ರಿ. ಸೂರ್ಯ ಧರ್ಮರಾಜನಿಗೆ ಕೊಟ್ಟದ್ದು ತಾಮ್ರದ ಪಾತ್ರಿ, ಬಂಗಾರದ್ದಲ್ಲ. ದ್ರೌಪದಿ ಉಣ್ಣೋತನಕ ಅದರಾಗಿನ ಅಡಗಿ ಮುಗೀತಿರಲಿಲ್ಲ. ಅಂದ್ರ ಬಂದವರಿಗೆಲ್ಲಾ ಬಡಿಸಿ ಮನಿಯಾಕಿ ಕಡೀಕ ಉಂಡ್ರ ಮಾತ್ರ ಅದು ಅಕ್ಷಯ.

ನಮ್ಮ ಕನ್ನಡಿಗರಿಗಂತೂ ಆ ತಿಥಿ ಬಸವ ಜಯಂತಿ. ಹರ್ಡೇಕರ ಮಂಜಪ್ಪನವರು 1913ರಾಗ ದಾವಣಗೆರಿಯೊಳಗ ಅದನ್ನ ಸಾರ್ವಜನಿಕ ಉತ್ಸವ ಅಂತ ಸುರು ಮಾಡಿದ್ರು. ಹಳ್ಳಿಗಳಾಗ ಎತ್ತಿನ ಮೈ ತೊಳದು, ಕೊಂಬಿಗೆ ಬಣ್ಣಾ ಹಚ್ಚಿ ಮೆರವಣಗಿ ತಗೀತಾರ. ದುಡದು ತಿನ್ನೋದು, ಉಳಿದದ್ದನ್ನ ದಾಸೋಹಕ್ಕ ಹಾಕೋದು, ನಾಳೆಗಂತ ಕೂಡಿಡಬಾರದು ಅಂತ ಹೇಳಿದ ಮನಷಾ ಹುಟ್ಟಿದ ದಿನಾನ ಬಂಗಾರದ ಅಂಗಡಿ ಮುಂದ ಸರದಿ ಹಚ್ಚತೇವಿ. ಸಿಟ್ಟು ಬರಂಗಿಲ್ಲ ನನಗ, ನಗು ಬರತದ.

ದೀಪಾವಳಿ ಸುದ್ದೀನೂ ಹಂಗ. ಆಶ್ವಯುಜ ಬಹುಳ ತ್ರಯೋದಶಿಗೆ ಈಗ ‘ಧನತೇರಸ್’ ಅಂತ ಬ್ಯಾನರ್ ಬೀಳತದ. ಗುಜರಾತ, ಉತ್ತರ ಹಿಂದುಸ್ತಾನದ ಕಡೆ ಅವತ್ತು ಹೊಸ ಪಾತ್ರಿ-ಪಡಗಾ, ಲೋಹ ತೊಗೊಳ್ಳೋ ಪದ್ಧತಿ ಮೊದಲಿಂದ ಅದ, ಅದು ಅವರದು. ನಮ್ಮ ಕಡೆ ಆ ಸಂಜೀ ನೀರು ತುಂಬೋ ಹಬ್ಬ. ಬಚ್ಚಲದಾಗಿನ ಹಂಡೆ ಹುಣಸಿಹಣ್ಣು ಹಚ್ಚಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟಿ ಬಳದು, ಹಾಗಲ ಬಳ್ಳಿ ಸುತ್ತಿ, ಹೊಸ ನೀರು ಸೇದಿ ತುಂಬಿ, ಗಂಗಾ ಅಂತ ಪೂಜಾ ಮಾಡೋದು. ಮರುದಿನ ನಸಿಕಿನ್ಯಾಗ ಅದೇ ನೀರಿನ್ಯಾಗ ಎಣ್ಣಿ ಸ್ನಾನ. ಬಾವಿ ಆಳಕ್ಕ ಇಳದ, ಟ್ಯಾಂಕರ್ ಹಾದಿ ಕಾಯೋ ನಮ್ಮ ಊರುಗಳಾಗ ತ್ರಯೋದಶಿ ಸಂಜೀ ನೀರಿಗೆ ಕೈ ಮುಗಿಯೋದಕ್ಕಿಂತ ದೊಡ್ಡ ಧನಪೂಜಾ ಯಾವುದು ಅದ ಹೇಳ್ರಿ. ಪಾಡ್ಯದ ದಿನಾ ಮಾಡೋ ಸೆಗಣಿ ಪಾಂಡವರೂ ಹಂಗ. ಉತ್ರಾಣಿ ಕಡ್ಡಿ, ಹೊಲದ ಹೂವು, ಒಂದು ಹಿಡಿ ಸೆಗಣಿ. ಒಂದು ರೂಪಾಯಿ ಖರ್ಚಿಲ್ಲ.

ಇಷ್ಟು ಹೇಳಿದ್ರ ನಮ್ಮ ಮನಿ ಹುಡುಗೂರು ಒಂದು ಪ್ರಶ್ನಿ ಕೇಳತಾರ, ಅದು ಸುಳ್ಳಲ್ಲ: ಅವ್ವಾ, 1990ರ ಸುಮಾರಿಗೆ 10 ಗ್ರಾಂ ಬಂಗಾರ ಮೂರು ಸಾವಿರದ ಮ್ಯಾಲಿತ್ತು, 2025ರಾಗ ಒಂದು ಲಕ್ಷ ದಾಟಿತು. ಹಬ್ಬಕ್ಕೊಮ್ಮೆ ಕೊಂಡವರೇ ಶಾಣ್ಯಾರಲ್ಲ? ಹೌದು, ಬಂಗಾರ ಕೂಡಿಟ್ಟವರು ಕೆಟ್ಟಿಲ್ಲ. ಕೂಡಿಡಬ್ಯಾಡ್ರಿ ಅಂತ ನಾನೂ ಹೇಳಂಗಿಲ್ಲ. ಆದ್ರ ಉಳಿತಾಯ ಬ್ಯಾರೆ, ಹಬ್ಬ ಬ್ಯಾರೆ. ಉಳಿತಾಯಕ್ಕ ಮುಹೂರ್ತ ಬೇಕಾಗಿಲ್ಲ. ಅಕ್ಷಯ ತದಿಗಿ ಬಂಗಾರಕ್ಕೂ ಮರುದಿನದ ಚೌತಿ ಬಂಗಾರಕ್ಕೂ ಕ್ಯಾರೆಟ್ ಒಂದ. ಗದ್ದಲದ ದಿನಾ ನಿಂತ ಕಾಲ ಮ್ಯಾಲ ಆರಿಸಿದ ಸಾಮಾನಿಗೆ ಕೂಲಿ, ವೇಸ್ಟೇಜ್ ಅಂತ ಎಷ್ಟು ಹಾಕ್ಯಾರ ಅಂತ ಕೇಳಲಿಕ್ಕೂ ಪುರಸೊತ್ತಿರಂಗಿಲ್ಲ. 2017ರಿಂದ ಬಂಗಾರದ ಮ್ಯಾಲ ನೂರಕ್ಕ 3 ಜಿಎಸ್‌ಟಿ ಅದ. ನಾಳೆ ಮಾರಲಿಕ್ಕೆ ಹೋದ್ರ ಆ ತೆರಿಗಿ, ಆ ಕೂಲಿ ತಿರುಗಿ ಕೈಗೆ ಬರಂಗಿಲ್ಲ. ಸಣ್ಣ ಸಣ್ಣ ಸಾಮಾನು ಹಬ್ಬಕ್ಕೊಂದರಂಗ ತೊಗೊಂಡ್ರ ಪ್ರತಿ ಸಲಾನೂ ಆ ದಂಡ ಕಟ್ಟಿದಂಗ.

ಇನ್ನೊಂದು ದೊಡ್ಡ ಲೆಕ್ಕಾನೂ ಅದ. ಕೋಲಾರದ ಗಣಿಯೊಳಗ 1880ರ ದಶಕದಿಂದ 2001ರ ಫೆಬ್ರವರಿಯಾಗ ಮುಚ್ಚೋತನಕ, ಸುಮಾರು 120 ವರ್ಷ, ಮೂರು ಕಿಲೋಮೀಟರಿಗಿಂತ ಆಳಕ್ಕ ಇಳದು ತಗದದ್ದು ಸುಮಾರು 800 ಟನ್ ಬಂಗಾರ. ಅಷ್ಟನ್ನ ಈಗ ನಮ್ಮ ದೇಶ ಹೆಚ್ಚು ಕಡಿಮಿ ಒಂದ ವರ್ಷದಾಗ ಹೊರಗಿಂದ ತರಿಸತದ. 2012-13ರಾಗ ದೇಶದ ಚಾಲ್ತಿ ಖಾತೆ ಕೊರತಿ ಜಿಡಿಪಿಯ 4.8 ಪರ್ಸೆಂಟಿಗೆ ಹೋದಾಗ ಹಣಕಾಸು ಮಂತ್ರಿ ಚಿದಂಬರಂ ಬಂಗಾರ ಕೊಳ್ಳೋದು ಕಡಿಮಿ ಮಾಡ್ರಿ ಅಂತ ಮಂದೀನ ಕೇಳಿಕೊಂಡ್ರು, ಆಮದು ಸುಂಕ 10 ಪರ್ಸೆಂಟಿಗೆ ಏರಿಸಿದ್ರು. ಕೋಲಾರದಾಗ ಗಣಿ ಮುಚ್ಚಿದ ಮ್ಯಾಲ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬ, ಗಾಳಿ ಬೀಸಿದಾಗ ಮನಿಯೊಳಗ ಬರೋ ಧೂಳು, ಕೆಲಸಾ ಹುಡಕೋತ ದಿನಾಲೂ ಬೆಂಗಳೂರಿನ ರೈಲು ಹತ್ತೋ ಮಂದಿ. ಅಂಗಡಿಯ ದೀಪದ ಕೆಳಗ ಬಂಗಾರ ಹೊಳೀಬೇಕಾದ್ರ ಅದರ ಹಿಂದ ಇಂಥಾ ಒಂದು ಊರು ಇರತದ.

ಆದ್ರೂ ದೇಶದ ಲೆಕ್ಕಕ್ಕಿಂತ ನನಗ ಚಿಂತಿ ಆಗೋದು ಓಣಿ ಲೆಕ್ಕದ್ದು. ನಮ್ಮ ಓಣಿಯೊಳಗ ಒಬ್ಬಾಕಿ ಇದ್ದಾಳ, ನಾಕು ಮನಿ ಅಡಗಿ ಮಾಡತಾಳ. ಮಗಳ ಮದುವಿ ಆದ ಮೊದಲನೇ ದೀಪಾವಳಿಗೆ ಅಳಿಯಾನ ಕರೀಬೇಕು, ಉಂಗುರ ಹಾಕಬೇಕು. ಹಿಂದ ಹೊಸಾ ಧೋತರ-ಟಾವೆಲ್ಲಿನ್ಯಾಗ ಮುಗೀತಿದ್ದ ಮಾನಪಾನ ಈಗ ಗ್ರಾಂ ಮ್ಯಾಲ ನಡೀತದ. ಉಂಗುರಕ್ಕ ರೊಕ್ಕ ಇಲ್ಲದ ಅಕಿ ತನ್ನ ಕಿವಿಯಾಗಿನ ಬೆಂಡೋಲಿ ಒತ್ತಿ ಇಟ್ಟಳು. ಅಂದ್ರ ಬಂಗಾರ ಒತ್ತಿ ಇಟ್ಟು ಬಂಗಾರ ತಂದಳು. ಎರಡು ದೀಪಾವಳಿ ಹೋದುವು, ಬೆಂಡೋಲಿ ಇನ್ನೂ ಬಿಡಿಸಿಕೊಂಡಿಲ್ಲ, ಬಡ್ಡಿ ಕಟ್ಟಲಿಕ್ಕೆ ಹತ್ತ್ಯಾಳ. ಹೋದ ವರ್ಷ ದಸರಾದಾಗ ಬನ್ನಿ ಕೊಡಲಿಕ್ಕೆ ಅಕಿ ಯಾರ ಮನಿಗೂ ಬರಲಿಲ್ಲ. ಬರೇ ಕಿವಿಲೆ ಹ್ಯಾಂಗ ಬರಲಿ ಅಂದಳು. ನಾ ಹೋಗಿ ಕೊಟ್ಟು ಬಂದೆ, ಆದ್ರ ಆ ಮಾತು ಮನಸಿನ್ಯಾಗ ಉಳದದ. ಎಲಿನ ಬಂಗಾರ ಅಂದ ಹಬ್ಬದಾಗ, ಬಂಗಾರ ಇಲ್ಲಂತ ಒಬ್ಬಾಕಿ ಬಾಗಲಾ ಹಾಕೊಂಡು ಕೂತಳು ಅಂದ್ರ ಆ ಹಬ್ಬದ ಅರ್ಥಾನ ಹೋದಂಗ. ಹಬ್ಬದ ಖರೀದಿ ನಮ್ಮ ಕಿಸೆಗೆ ಮಾಡೋ ಖೋಡಿಗಿಂತ ಇದು ದೊಡ್ಡ ಖೋಡಿ: ಯಾರು ಯಾರ ಮನಿಗೆ ಬರಬಹುದು ಅನ್ನೋದನ್ನ ಅದು ತೀರ್ಮಾನ ಮಾಡಲಿಕ್ಕೆ ಹತ್ತೇದ.

ಅದಕ್ಕ ನಮ್ಮ ಮನ್ಯಾಗ ಒಂದಿಷ್ಟು ಪದ್ಧತಿ ಹಾಕೊಂಡೇವಿ. ದೊಡ್ಡ ವ್ರತ ಏನಲ್ಲ. ಹಬ್ಬದ ದಿನಾ, ಹಬ್ಬದ ಹಿಂದ-ಮುಂದ ಎಂಟು ದಿನಾ ಬಂಗಾರದ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ. ಖರೇನ ಬೇಕಾದ್ರ ಆಷಾಢದಾಗ ಹೋಗತೇವಿ, ಅಂಗಡಿಯವರು ಕೂಡಿಸಿ, ನೀರು ಕೊಟ್ಟು, ಬಿಲ್ಲಿನ ಒಂದೊಂದು ಸಾಲೂ ಬಿಡಿಸಿ ಹೇಳತಾರ. ಅಕ್ಷಯ ತದಿಗಿಗೆ ಬಾಗಲ ಮುಂದ ಒಂದು ಮಣ್ಣಿನ ಹರವಿಯೊಳಗ ನೀರು, ಇನ್ನೊಂದರಾಗ ಮಜ್ಜಿಗಿ ಇಡತೇವಿ. ಪೋಸ್ಟಿನವ, ಕಸದ ಗಾಡಿಯವರು, ಪಾರ್ಸಲ್ ತರೋ ಹುಡುಗೂರು ಕುಡದು ಹೋಗತಾರ. ಮಗಳ ಮದುವಿಯೊಳಗ ಬೀಗರಿಗೆ ಮೊದಲ ಹೇಳಿಬಿಟ್ಟೆವು, ಹಬ್ಬಕ್ಕ ಕರೀತೇವಿ, ಉಣ್ಣಲಿಕ್ಕೆ ಹಾಕತೇವಿ, ತೂಕಾ ಹಾಕೋ ಮಾತಿಲ್ಲ ಅಂತ. ಅವರೂ ಹಗರ ಆದ್ರು. ಅವರಿಗೂ ಒಬ್ಬಾಕಿ ಮಗಳಿದ್ಲು.

ಬನ್ನಿ ಎಲಿಗೂ ಒಂದು ಮಾತು ಹೇಳಬೇಕು. ಈಗ ಅದನ್ನೂ ಟೊಂಗಿಗಟ್ಟಲೆ ಕಡದು ಪ್ಯಾಟ್ಯಾಗ ಕಟ್ಟು ಮಾಡಿ ಮಾರತಾರ, ಮರುದಿನ ರಸ್ತಾದ ಮ್ಯಾಲ ಕಸದಂಗ ಬಿದ್ದಿರತದ. ಬನ್ನಿ ನಿಧಾನ ಬೆಳಿಯೋ ಗಿಡ, ಬರಗಾಲದಾಗ ದನಕ್ಕ ಮೇವು, ಹೊಲಕ್ಕ ನೆರಳು. ರಾಜಸ್ಥಾನದಾಗ ಇದನ್ನ ಖೇಜಡಿ ಅಂತಾರ. 1730ರಾಗ ಜೋಧಪುರದ ಹತ್ರ ಖೇಜಡ್ಲಿ ಹಳ್ಳಿಯೊಳಗ ಅರಮನಿ ಕೆಲಸಕ್ಕಂತ ಈ ಗಿಡಾ ಕಡೀಲಿಕ್ಕೆ ಬಂದಾಗ ಅಮೃತಾದೇವಿ ಗಿಡಾ ಅಪ್ಪಿಕೊಂಡು ನಿಂತಳು, ಅಕಿ ಹಿಂದ 363 ಮಂದಿ ಬಿಷ್ಣೋಯಿಗಳು ಜೀವಾ ಕೊಟ್ರು ಅಂತ ಅಲ್ಲಿಯವರು ಇವತ್ತಿಗೂ ನೆನಸತಾರ. ಅಂಥಾ ಗಿಡದ್ದು ನಾವು ಒಂದು ಹಿಡಿ ಎಲಿ ಅಷ್ಟ ಹರಕೋಬೇಕು. ಒಬ್ಬರಿಗೆ ಎರಡು ಎಲಿ ಸಾಕು. ಇಸಕೊಂಡ ಎಲಿನ ಇನ್ನೊಬ್ಬರಿಗೆ ಕೊಟ್ರೂ ನಡೀತದ, ಈ ಬಂಗಾರಕ್ಕ ವೇಸ್ಟೇಜ್ ಇಲ್ಲ.

ಕೌತ್ಸನಿಗೆ ತನ್ನ ಲೆಕ್ಕ ಮೊದಲ ಗೊತ್ತಿತ್ತು. ಹದಿನಾಲ್ಕು ಅಂದ್ರ ಹದಿನಾಲ್ಕು. ಅದಕ್ಕ ಬೊಕ್ಕಸದ ತುಂಬ ರಾಶಿ ಕಂಡ್ರೂ ಅಂವಾ ಗಾಬರಿ ಬೀಳಲಿಲ್ಲ. ನಮಗೂ ಅಷ್ಟ ಬೇಕಾದದ್ದು. ಪೇಪರಿನ ಜಾಹೀರಾತು ಬರೋಕಿಂತ ಮೊದಲ, ಮಹಾಲಯ ಅಮಾಸಿ ಒಳಗ, ಗಂಡಾ-ಹೆಂಡ್ತಿ ಕೂತು ಈ ಹಬ್ಬಕ್ಕ ಮನಿಗೆ ಖರೇನ ಏನು ಬೇಕು ಅಂತ ಒಂದು ಚೀಟಿ ಬರೀರಿ. ಬೆಲ್ಲಾ, ಕಡ್ಲಿಬ್ಯಾಳಿ, ಎಣ್ಣಿ, ಹುಡುಗೂರಿಗೆ ಒಂದೊಂದು ಅಂಗಿ, ಕೆಲಸದಾಕಿಗೆ ಒಂದು ಸೀರಿ. ನಮ್ಮ ಚೀಟಿ ಹೋದ ವರ್ಷ ಹನ್ನೊಂದು ಸಾಲಿಗೆ ಮುಗೀತು.